ರೋಗಿಯ ಮುಖ ನೋಡಲೋ, ಪರದೆ ನೋಡಲೋ: ವಿದ್ಯುನ್ಮಾನ ದಾಖಲೆಯಲ್ಲಿ ವೈದ್ಯರಿಗೆ ನೆರವಾದದ್ದೇನು, ಅಡ್ಡಿಯಾದದ್ದೇನು?

ಹಳೇ ಸ್ಟೆತಸ್ಕೋಪ್ | ಸೋಮವಾರ, ರಾತ್ರಿ 9:40

ನಾನು ಇಪ್ಪತ್ತೆರಡು ವರ್ಷಗಳಿಂದ ಜನರಲ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುತ್ತಿರುವ ವೈದ್ಯ. ನಮ್ಮಲ್ಲಿ ಕೇಸ್ ಶೀಟ್ ಹೋಗಿ ವಿದ್ಯುನ್ಮಾನ ಆರೋಗ್ಯ ದಾಖಲೆ ಬಂದು ಎಂಟು ತಿಂಗಳಾಯಿತು. ಕಂಪ್ಯೂಟರ್ ಎಂದರೆ ಹೆದರುವವನು ನಾನಲ್ಲ; ಮನೆಯ ಲೆಕ್ಕಪತ್ರವನ್ನೆಲ್ಲ ಅದರಲ್ಲೇ ಇಟ್ಟುಕೊಂಡವನು. ಆದರೂ ಓಪಿಡಿ ಮುಗಿಯುವುದು ಮೊದಲಿಗಿಂತ ಒಂದೂವರೆ ಗಂಟೆ ತಡವಾಗುತ್ತಿದೆ, ಅಷ್ಟಾದ ಮೇಲೂ ಐದಾರು ರೋಗಿಗಳ ವಿವರ ತುಂಬಿಸುವ ಕೆಲಸ ಬಾಕಿ ಉಳಿದು ಮನೆಗೆ ಬರುತ್ತಿದೆ.

ಕಳೆದ ವಾರ ಒಬ್ಬ ಮಹಿಳೆ ಕೆಮ್ಮು ಎಂದು ಬಂದರು. ‘ಕೆಮ್ಮಿನ ಅವಧಿ’ ಎಂಬ ಚೌಕದಲ್ಲಿ ಒಂದು ಅಂಕಿ ಹಾಕಿ ದಿನ, ವಾರ, ತಿಂಗಳು ಇವುಗಳಲ್ಲಿ ಒಂದನ್ನು ಆರಿಸಲೇಬೇಕು. ಆರಿಸದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಅವರು ಹೇಳಿದ್ದು, “ಮನೆ ಬದಲಾಯಿಸಿದಾಗಿನಿಂದ ಇದೆ, ನಡುವೆ ಸ್ವಲ್ಪ ದಿನ ನಿಂತಿತ್ತು” ಎಂದು. ಮನೆ ಬದಲಾಯಿಸಿದ್ದು ಯಾವಾಗ ಎಂದು ಕೇಳಿ, ಅದನ್ನು ವಾರಗಳಿಗೆ ಇಳಿಸಿ, ಚೌಕ ತುಂಬಿಸುವಷ್ಟರಲ್ಲಿ ಅವರು ಇನ್ನೇನೋ ಹೇಳಿ ಮುಗಿಸಿದ್ದರು. “ಏನಂದಿರಿ?” ಎಂದೆ. “ಏನಿಲ್ಲ ಬಿಡಿ ಡಾಕ್ಟ್ರೇ, ನೀವು ಬರೆದುಕೊಳ್ಳಿ” ಎಂದರು. ಬಾಗಿಲ ತನಕ ಹೋದವರನ್ನು ವಾಪಸು ಕರೆದು ಕೂರಿಸಿ ಕೇಳಿದಾಗಲೇ ಗೊತ್ತಾದದ್ದು, ಅವರು ಹೇಳಿದ್ದು ತೂಕ ಇಳಿದಿರುವ ವಿಷಯವೆಂದು.

ನನ್ನ ಪ್ರಶ್ನೆ ಇಷ್ಟೇ. ಇದನ್ನು ದಾಟಿ ಬಂದವರಿಗೆ ನಿಜವಾಗಿ ನೆರವಾದದ್ದು ಯಾವುದು, ಇಂದಿಗೂ ಅಡ್ಡಿಯಾಗಿರುವುದು ಯಾವುದು? “ತರಬೇತಿ ತೆಗೆದುಕೊಳ್ಳಿ” ಎಂಬ ಉತ್ತರ ದಯವಿಟ್ಟು ಬೇಡ, ಎರಡು ಸಲ ತೆಗೆದುಕೊಂಡಿದ್ದೇನೆ.

ಎರಡನೇ ವರ್ಷದ ಪಿಜಿ | ರಾತ್ರಿ 9:52

ಸರ್, ಇದು ವಯಸ್ಸಿನ ಸಮಸ್ಯೆ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ನನಗೆ ಇಪ್ಪತ್ತೇಳು, ಫೋನು ಹಿಡಿದೇ ಬೆಳೆದವನು, ನನಗೂ ಇದು ಒಗ್ಗಿಲ್ಲ.

ಪ್ರೋಗ್ರಾಂ ಬರೆಯುವವ | ರಾತ್ರಿ 10:05

ನಾನು ಆಸ್ಪತ್ರೆಗಳಿಗೆ ತಂತ್ರಾಂಶ ಮಾಡುವ ತಂಡದಲ್ಲಿದ್ದೇನೆ, ಆದ್ದರಿಂದ ಬೈಗುಳ ನನಗೇ ಬರಲಿ. ಆದರೆ ಒಂದು ಮಾತು. ನೀವು ಹೇಳಿದ ‘ಕೆಮ್ಮಿನ ಅವಧಿ’ಯಂಥ ಚೌಕವನ್ನು ನಾವು ಮನಸ್ಸಿಗೆ ತೋಚಿ ಹಾಕುವುದಿಲ್ಲ. ಒಂದು ಚೌಕವನ್ನು ಅಂಕಿಅಂಶ ವಿಭಾಗ ಕೇಳಿರುತ್ತದೆ, ಇನ್ನೊಂದನ್ನು ವಿಮೆಯ ಕ್ಲೇಮ್ ನೋಡುವವರು, ಮತ್ತೊಂದನ್ನು ಕಾನೂನು ಸಲಹೆಗಾರರು, ಮಗದೊಂದನ್ನು ಗುಣಮಟ್ಟದ ತಪಾಸಣೆಗೆ ಬರುವವರು. ಎಲ್ಲರೂ ‘ಕಡ್ಡಾಯ’ ಎಂದೇ ಬರೆದು ಕಳಿಸುತ್ತಾರೆ. ಬೇಡಿಕೆಪಟ್ಟಿ ಅಂತಿಮಗೊಳಿಸುವ ಸಭೆಗೆ ವೈದ್ಯರನ್ನು ಕರೆದರೆ ಅವರು ಬರುವುದಿಲ್ಲ. ತಂತ್ರಾಂಶ ಜಾರಿಯಾದ ಮೇಲೆ ಬಂದು ಜಗಳವಾಡುತ್ತಾರೆ.

ಹಳೇ ಸ್ಟೆತಸ್ಕೋಪ್ | ರಾತ್ರಿ 10:11

ಸಭೆ ಎಷ್ಟು ಗಂಟೆಗೆ ಇಡುತ್ತೀರಿ?

ಪ್ರೋಗ್ರಾಂ ಬರೆಯುವವ | ರಾತ್ರಿ 10:13

ಸಾಮಾನ್ಯವಾಗಿ ಬೆಳಿಗ್ಗೆ ಹನ್ನೊಂದಕ್ಕೆ.

ಹಳೇ ಸ್ಟೆತಸ್ಕೋಪ್ | ರಾತ್ರಿ 10:14

ಓಪಿಡಿಯ ಹೊರಗೆ ಅರವತ್ತು ಜನ ಕೂತಿರುವ ಹೊತ್ತು ಅದು. ನಾನು ಹೆಚ್ಚೇನೂ ಹೇಳುವುದಿಲ್ಲ.

ಅಂಕಿಅಂಶದವಳು | ರಾತ್ರಿ 10:48

ಆರೋಗ್ಯ ಮಾಹಿತಿ ವ್ಯವಸ್ಥೆಗಳ ಬಗ್ಗೆ ಅಧ್ಯಯನ ಮಾಡುವವಳು ನಾನು. ಮೇಲಿನ ಇಬ್ಬರೂ ಒಂದೇ ವಿಷಯವನ್ನು ಎರಡು ತುದಿಯಿಂದ ಹೇಳುತ್ತಿದ್ದೀರಿ. 1988ರಷ್ಟು ಹಿಂದೆಯೇ ಜೊನಾಥನ್ ಗ್ರುಡಿನ್ ಎಂಬ ಸಂಶೋಧಕ, ಕಚೇರಿಗಳಲ್ಲಿ ಹಲವರು ಸೇರಿ ಬಳಸುವ ತಂತ್ರಾಂಶಗಳು ಏಕೆ ಸೋಲುತ್ತವೆ ಎಂದು ಹುಡುಕಿದಾಗ ಮೊದಲು ಕೊಟ್ಟ ಕಾರಣ ಇದು: ದುಡಿಯುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ವಿದ್ಯುನ್ಮಾನ ದಾಖಲೆಗೆ ಇದಕ್ಕಿಂತ ಹೊಂದುವ ವಿವರಣೆ ನನಗೆ ಸಿಕ್ಕಿಲ್ಲ. ಟೈಪು ಮಾಡುವವರು ವೈದ್ಯರು, ಪಟ್ಟಿ ನೋಡಿ ಸಂತೋಷಪಡುವವರು ಲೆಕ್ಕ ವಿಭಾಗದವರು.

ಕೆಲಸದ ಹೊರೆ ಎಷ್ಟೆಂಬುದಕ್ಕೆ ಅಳತೆಗಳೂ ಇವೆ. 2016ರಲ್ಲಿ ಅಮೆರಿಕದಲ್ಲಿ ವೈದ್ಯರ ಪಕ್ಕದಲ್ಲೇ ನಿಂತು ಗಡಿಯಾರ ಹಿಡಿದು ಮಾಡಿದ ಒಂದು ಅಧ್ಯಯನದಲ್ಲಿ, ಅವರ ದಿನದ ಶೇಕಡ 27ರಷ್ಟು ಹೊತ್ತು ಮಾತ್ರ ರೋಗಿಯ ಎದುರು ಕಳೆದದ್ದು, ಶೇಕಡ 49ರಷ್ಟು ದಾಖಲೆಗೂ ಮೇಜಿನ ಕೆಲಸಕ್ಕೂ ಹೋದದ್ದು ಕಂಡುಬಂತು. ಮರುವರ್ಷ ಕುಟುಂಬ ವೈದ್ಯರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ 11.4 ಗಂಟೆಯ ಕೆಲಸದ ದಿನದಲ್ಲಿ 5.9 ಗಂಟೆ ಪರದೆಯ ಮುಂದೆಯೇ ಕಳೆದಿತ್ತು. ಬಾಕಿ ಕೆಲಸ ಮನೆಗೆ ಬರುವುದು ನಿಮ್ಮೊಬ್ಬರ ಕಥೆಯಲ್ಲ.

ಶಸ್ತ್ರಚಿಕಿತ್ಸಕ | ರಾತ್ರಿ 11:02

ಮೇಡಂ, ಮೊದಲ ಅಧ್ಯಯನದಲ್ಲಿದ್ದದ್ದು 57 ಮಂದಿ ವೈದ್ಯರು. ಅದೂ, ಬಿಲ್ಲಿನ ಸಮರ್ಥನೆಗಾಗಿ ಪುಟಗಟ್ಟಲೆ ಬರೆಯಬೇಕಾದ ದೇಶ ಅದು. ಅಲ್ಲಿನ ಅಂಕಿಯನ್ನು ಎಲ್ಲ ಕಡೆಗೂ ಹೊದಿಸಬೇಡಿ. ಜೊತೆಗೆ, ಕಾಗದದ ಕಾಲದಲ್ಲಿ ಬರವಣಿಗೆಗೆ ಎಷ್ಟು ಹೊತ್ತು ಹೋಗುತ್ತಿತ್ತು ಎಂದು ಆ ಅಧ್ಯಯನ ಅಳೆದಿಲ್ಲವಲ್ಲ? ಡಿಸ್ಚಾರ್ಜ್ ಸಮ್ಮರಿ ಬರೆದು ಬೆರಳು ನೋಯಿಸಿಕೊಂಡ ರಾತ್ರಿಗಳನ್ನು ನಾವು ಇಷ್ಟು ಬೇಗ ಮರೆತೆವೇ?

ಅಂಕಿಅಂಶದವಳು | ರಾತ್ರಿ 11:09

ಸಂಖ್ಯೆ ಚಿಕ್ಕದೆಂಬುದನ್ನೂ, ಕಾಗದದ ಜೊತೆ ಹೋಲಿಕೆ ಇಲ್ಲವೆಂಬುದನ್ನೂ ಒಪ್ಪುತ್ತೇನೆ. ಬಿಲ್ಲಿನ ಮಾತು ನನ್ನ ವಾದವನ್ನೇ ಗಟ್ಟಿ ಮಾಡುತ್ತದೆ: ದಾಖಲೆ ಯಾರಿಗಾಗಿ ಎಂಬುದೇ ಪ್ರಶ್ನೆ.

ರಾತ್ರಿ ಪಾಳಿ ಸಿಸ್ಟರ್ | ಮಂಗಳವಾರ, ಬೆಳಗಿನ ಜಾವ 4:20

ಪಾಳಿಯ ನಡುವೆ ಸ್ವಲ್ಪ ಬಿಡುವು ಸಿಕ್ಕಿದ್ದರಿಂದ ಬರೆಯುತ್ತಿದ್ದೇನೆ. ಡಾಕ್ಟರುಗಳು ಎಲ್ಲರೂ ಹಳೆಯ ಕೇಸ್ ಶೀಟನ್ನು ನೆನೆಸಿಕೊಂಡು ನಿಟ್ಟುಸಿರು ಬಿಡುತ್ತಿರುವುದರಿಂದ, ಅದನ್ನು ಓದಬೇಕಾಗಿದ್ದವರ ಕಷ್ಟವನ್ನೂ ಒಬ್ಬರು ಹೇಳಬೇಕಲ್ಲ. ಅಂಕಿಯ ಹಿಂದೆ ಇರುವುದು ಚುಕ್ಕೆಯೋ, ಪೆನ್ನು ತಾಗಿದ ಗುರುತೋ ಎಂದು ತಿಳಿಯದೆ, ಇದು .5 ಇರಬಹುದೇ ಅಥವಾ 5 ಇರಬಹುದೇ ಎಂದು ಟಾರ್ಚ್ ಹಿಡಿದು ಮೂವರು ನೋಡಿದ್ದೇವೆ. ಕೊನೆಗೆ ಮಧ್ಯರಾತ್ರಿ ಎರಡಕ್ಕೆ ಫೋನು ಮಾಡಿ ಡಾಕ್ಟರನ್ನು ಎಬ್ಬಿಸಿ ಬೈಸಿಕೊಂಡಿದ್ದೇವೆ. ಈಗ ಆ ಫೋನು ಮಾಡಬೇಕಾಗಿಲ್ಲ. ನನಗೆ ಇದೊಂದೇ ಸಾಕು.

ಆದರೆ ಈಗಿನ ಗೋಳು ಬೇರೆ. ವಾರ್ಡಿನಲ್ಲಿ ಎರಡು ಕಂಪ್ಯೂಟರ್, ಏಳು ಜನ. ಒಬ್ಬ ಡಾಕ್ಟರ್ ಲಾಗಿನ್ ಆಗಿ ಹಾಗೆಯೇ ಬಿಟ್ಟು ಹೋಗುತ್ತಾರೆ, ಮತ್ತೊಬ್ಬರು ಅವಸರದಲ್ಲಿ ಅದೇ ಪರದೆಯಲ್ಲಿ ಆರ್ಡರ್ (ಔಷಧ, ಪರೀಕ್ಷೆಗಳ ಸೂಚನೆ) ಹಾಕುತ್ತಾರೆ. ಊರಿನಲ್ಲೇ ಇಲ್ಲದ ಡಾಕ್ಟರ ಹೆಸರಿನಲ್ಲಿ ಇನ್ಸುಲಿನ್ ಆರ್ಡರ್ ನೋಡಿದ ಮೇಲೆ ನಾನು ಯಾರನ್ನು ಕೇಳಬೇಕು?

ಎರಡನೇ ವರ್ಷದ ಪಿಜಿ | ಬೆಳಿಗ್ಗೆ 7:15

ಸಿಸ್ಟರ್, ತಪ್ಪು ನಮ್ಮದೇ. ಆದರೆ ಕಾರಣವನ್ನೂ ಕೇಳಿ. ಒಂದು ಸಲ ಹೊರಬಂದು ಮತ್ತೆ ಒಳಹೋಗಲು ನಮ್ಮ ವ್ಯವಸ್ಥೆಗೆ ನಿಮಿಷಕ್ಕೂ ಮಿಕ್ಕಿ ಬೇಕು, ಪಾಸ್‌ವರ್ಡ್ ತಿಂಗಳಿಗೊಮ್ಮೆ ಬದಲಾಗಬೇಕು, ಲ್ಯಾಬ್ ರಿಪೋರ್ಟಿಗೆ ಒಂದು ಪಾಸ್‌ವರ್ಡ್, ಎಕ್ಸ್‌ರೇಗೆ ಇನ್ನೊಂದು. ರೌಂಡ್ಸ್‌ನಲ್ಲಿ ಮೂವತ್ತು ಹಾಸಿಗೆ ನೋಡುವಾಗ ಮೂವತ್ತು ಸಲ ಲಾಗಿನ್ ಆಗುವವರು ಯಾರಿದ್ದಾರೆ? ಗುರುತಿನ ಕಾರ್ಡನ್ನು ತಾಗಿಸಿದರೆ ಎಲ್ಲವೂ ತೆರೆದುಕೊಳ್ಳುವ ವ್ಯವಸ್ಥೆ ಇರುವ ಕಡೆ ಒಂದು ತಿಂಗಳು ಕೆಲಸ ಮಾಡಿದ್ದೆ. ಅಲ್ಲಿ ಯಾರೂ ಇನ್ನೊಬ್ಬರ ಹೆಸರಿನಲ್ಲಿ ಬರೆಯುತ್ತಿರಲಿಲ್ಲ. ನಿಯಮ ಎರಡೂ ಕಡೆ ಒಂದೇ ಇತ್ತು, ಲಾಗಿನ್ ಆಗಲು ಹಿಡಿಯುವ ಹೊತ್ತು ಮಾತ್ರ ಬೇರೆ.

ಮಾತ್ರೆ ಲೆಕ್ಕ | ಬೆಳಿಗ್ಗೆ 8:30

ಕ್ಲಿನಿಕಲ್ ಫಾರ್ಮಸಿಸ್ಟ್ ಆಗಿ ನನ್ನ ದೂರು ಎಚ್ಚರಿಕೆಯ ಪಾಪ್‌ಅಪ್‌ಗಳ ಬಗ್ಗೆ. ಔಷಧಗಳನ್ನು ಕಂಪ್ಯೂಟರಿನಲ್ಲೇ ಬರೆಯುವುದರಿಂದ ಲಾಭವಿದೆ ಎಂಬುದರಲ್ಲಿ ಅನುಮಾನವಿಲ್ಲ. 1998ರಲ್ಲಿ ಬಾಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಅಳೆದಾಗ ಔಷಧದ ಗಂಭೀರ ತಪ್ಪುಗಳು ಶೇಕಡ 55ರಷ್ಟು ಕಡಿಮೆಯಾಗಿದ್ದವು. ಆದರೆ ಎಲ್ಲದಕ್ಕೂ ಎಚ್ಚರಿಸುವ ಯಂತ್ರ ಯಾವುದಕ್ಕೂ ಎಚ್ಚರಿಸದ ಯಂತ್ರವಿದ್ದಂತೆ. 2006ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ವೈದ್ಯರು ಶೇಕಡ 49ರಿಂದ 96ರವರೆಗಿನ ಸುರಕ್ಷತಾ ಎಚ್ಚರಿಕೆಗಳನ್ನು ದಾಟಿ ಮುಂದೆ ಹೋಗುತ್ತಾರೆ ಎಂದು ತಿಳಿಯಿತು. ನೂರರಲ್ಲಿ ತೊಂಬತ್ತು ಸಲ ಅನಗತ್ಯವಾಗಿ ಬಂದದ್ದನ್ನು ತೊಂಬತ್ತೊಂದನೆಯ ಸಲ ಓದಬೇಕೆಂದು ನಿರೀಕ್ಷಿಸುವುದೇ ತಪ್ಪು.

2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಬೋಧನಾ ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ಹದಿಹರೆಯದ ಹುಡುಗನೊಬ್ಬನಿಗೆ ಒಂದು ಆಂಟಿಬಯಾಟಿಕ್ ಮಾತ್ರೆ ಕೊಡಬೇಕಿದ್ದಲ್ಲಿ ಮೂವತ್ತೆಂಟೂವರೆ ಮಾತ್ರೆ ಕೊಟ್ಟರು. ವೈದ್ಯರು 160 ಎಂದು ಬರೆದದ್ದು ಒಟ್ಟು ಮಿಲಿಗ್ರಾಂ ಎಂದುಕೊಂಡು. ಆ ಪರದೆ ಅದನ್ನು ತೆಗೆದುಕೊಂಡದ್ದು ದೇಹದ ತೂಕದ ಪ್ರತಿ ಕಿಲೋಗೆ ಅಷ್ಟು ಮಿಲಿಗ್ರಾಂ ಎಂದು. ವೈದ್ಯರಿಗೂ ಎಚ್ಚರಿಕೆ ಬಂದಿತ್ತು, ಔಷಧ ಪರಿಶೀಲಿಸಿದವರಿಗೂ ಬಂದಿತ್ತು, ದಿನವಿಡೀ ಬರುವ ಇತರ ಎಚ್ಚರಿಕೆಗಳಂತೆಯೇ ಅದೂ ಕಂಡಿತ್ತು, ಇಬ್ಬರೂ ದಾಟಿಸಿದರು. ಮಾತ್ರೆ ಕೊಡಬೇಕಾದ ನರ್ಸ್‌ಗೆ ಸಂಖ್ಯೆ ವಿಚಿತ್ರವೆನಿಸಿತು, ಆದರೆ ಬಾರ್‌ಕೋಡ್ ಯಂತ್ರ ‘ಸರಿ’ ಎಂದಿತು. ಹುಡುಗನಿಗೆ ಫಿಟ್ಸ್ ಬಂದು, ಪುಣ್ಯಕ್ಕೆ ಬದುಕಿಕೊಂಡ.

ಸುಮ್ಮನೆ ಓದುವವ | ಬೆಳಿಗ್ಗೆ 8:41

ಹಾಗಾದರೆ ಎಚ್ಚರಿಕೆಗಳನ್ನೇ ತೆಗೆದುಹಾಕಬೇಕು ಎನ್ನುತ್ತೀರಾ?

ಮಾತ್ರೆ ಲೆಕ್ಕ | ಬೆಳಿಗ್ಗೆ 9:05

ಖಂಡಿತ ಅಲ್ಲ. ಮೂರು ಹಂತ ಮಾಡಬೇಕು. ಜೀವಕ್ಕೆ ಅಪಾಯವಿರುವುದಾದರೆ ಕಾರಣ ಬರೆಯದೆ ಮುಂದೆ ಹೋಗಲು ಬಿಡಬಾರದು; ಮಧ್ಯಮ ಅಪಾಯದ್ದು ಪಕ್ಕದಲ್ಲಿ ಬಣ್ಣ ಬದಲಾಯಿಸಿ ಕಾಣಿಸಿದರೆ ಸಾಕು, ಕೆಲಸ ತಡೆಯಬಾರದು; ಉಳಿದದ್ದು ಕೇಳಿದರೆ ಮಾತ್ರ ತೋರಿಸಲಿ. ನಾವು ನಮ್ಮಲ್ಲಿ ಒಂದು ತಿಂಗಳು ಯಾವ ಎಚ್ಚರಿಕೆಯನ್ನು ಎಷ್ಟು ಸಲ ದಾಟಿಸಿದರು ಎಂದು ಪಟ್ಟಿ ತೆಗೆದು, ಪ್ರತಿಯೊಬ್ಬರೂ ಪ್ರತಿಸಲವೂ ದಾಟಿಸಿದವುಗಳನ್ನು ವೈದ್ಯರ ಜೊತೆ ಕೂತು ಒಂದೊಂದಾಗಿ ಚರ್ಚಿಸಿ ನಿಲ್ಲಿಸಿದೆವು. ಇಪ್ಪತ್ತು ದಿನ ಹಿಡಿಯಿತು. ಆಮೇಲೆ ವೈದ್ಯರೇ ಫೋನು ಮಾಡಿ “ಈ ಎಚ್ಚರಿಕೆ ಏಕೆ ಬಂತು?” ಎಂದು ಕೇಳತೊಡಗಿದರು. ಅಂದರೆ ಓದುತ್ತಿದ್ದಾರೆ ಎಂದಾಯಿತು.

ಶಸ್ತ್ರಚಿಕಿತ್ಸಕ | ಬೆಳಿಗ್ಗೆ 9:20

ಇದಕ್ಕೆ ಹಳೆಯ ಉದಾಹರಣೆಯೂ ಇದೆ. 2003ರಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯಲ್ಲಿ ನೂರಾರು ವೈದ್ಯರು ತಿರುಗಿಬಿದ್ದುದರಿಂದ, ಹೊಸದಾಗಿ ತಂದ ಆರ್ಡರ್ ವ್ಯವಸ್ಥೆಯನ್ನು ಕೆಲವೇ ತಿಂಗಳಲ್ಲಿ ನಿಲ್ಲಿಸಬೇಕಾಯಿತು. ಎಚ್ಚರಿಕೆಗಳ ಕಾಟವೂ, ಮೊದಲು ಕ್ಷಣದಲ್ಲಿ ಬರೆಯುತ್ತಿದ್ದ ಆರ್ಡರಿಗೆ ನಿಮಿಷಗಟ್ಟಲೆ ಬೇಕಾದದ್ದೂ ಅವರ ಮುಖ್ಯ ದೂರುಗಳಾಗಿದ್ದವು. ವೈದ್ಯರು ಬದಲಾವಣೆಯ ವಿರೋಧಿಗಳು ಎಂದು ಆಗಲೂ ಬೈದರು. ಅದೇ ವೈದ್ಯರು ಲ್ಯಾಪರೋಸ್ಕೋಪಿ (ಸಣ್ಣ ರಂಧ್ರದ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ಬಂದಾಗ ಸಾಲುಗಟ್ಟಿ ನಿಂತು ಕಲಿತವರು ಎಂಬುದನ್ನು ಯಾರೂ ಹೇಳಲಿಲ್ಲ.

ಒಂಟಿ ಕ್ಲಿನಿಕ್ | ಮಧ್ಯಾಹ್ನ 2:10

ನಿಮ್ಮೆಲ್ಲರ ಹಿಂದೆ ಆಸ್ಪತ್ರೆ ಇದೆ, ಐಟಿ ವಿಭಾಗ ಇದೆ. ನನ್ನ ಕ್ಲಿನಿಕ್‌ನಲ್ಲಿ ನಾನೇ ವೈದ್ಯೆ, ನಾನೇ ಐಟಿ ವಿಭಾಗ. ನನಗೆ ಮೊದಲ ಅಡ್ಡಿ ಹಣದ್ದು, ಅದಕ್ಕಿಂತ ದೊಡ್ಡ ಅಡ್ಡಿ ಕೆಟ್ಟರೆ ನೋಡುವವರಿಲ್ಲ ಎಂಬುದು. ಪ್ರಿಂಟರ್ ಕೆಲಸ ಮಾಡದಿದ್ದರೆ ರೋಗಿಯನ್ನು ಕೂರಿಸಿ ಮೇಜಿನ ಕೆಳಗೆ ತೂರಿ ವೈರ್ ಹುಡುಕುತ್ತೇನೆ. ಅರ್ಧ ಕಾಗದದಲ್ಲಿ, ಅರ್ಧ ಕಂಪ್ಯೂಟರಿನಲ್ಲಿ ಎರಡು ವರ್ಷ ಕಳೆದೆ. ಆ ಎರಡು ವರ್ಷಗಳು ಬರೀ ಕಾಗದಕ್ಕಿಂತಲೂ, ಬರೀ ಕಂಪ್ಯೂಟರಿಗಿಂತಲೂ ಕೆಟ್ಟವು. ಹಳೆಯ ವಿವರ ಕಡತದಲ್ಲಿ, ಹೊಸದು ಪರದೆಯಲ್ಲಿ, ಅಲರ್ಜಿಯ ಟಿಪ್ಪಣಿ ಎಲ್ಲಿದೆಯೋ ದೇವರಿಗೇ ಗೊತ್ತು.

ಆಮೇಲೆ ತಂತ್ರಾಂಶ ಬದಲಾಯಿಸಲು ಹೋದೆ. “ನಿಮ್ಮ ದತ್ತಾಂಶ ನಿಮಗೇ ಸೇರಿದ್ದು” ಎಂದು ಒಪ್ಪಂದದಲ್ಲಿತ್ತು. ಕೊಟ್ಟರು: ನಾಲ್ಕು ಸಾವಿರಕ್ಕೂ ಹೆಚ್ಚು ಪಿಡಿಎಫ್ ಕಡತಗಳು. ಹೊಸ ತಂತ್ರಾಂಶಕ್ಕೆ ಅವು ಬರೀ ಚಿತ್ರಗಳು. ರಕ್ತದ ಸಕ್ಕರೆಯ ಆರು ವರ್ಷದ ಏರಿಳಿತವನ್ನು ಒಂದು ಗೆರೆಯಲ್ಲಿ ನೋಡುವ ಆಸೆಗೇ ನಾನು ಇದಕ್ಕೆ ಬಂದದ್ದು. ಆ ಗೆರೆ ಮತ್ತೆ ಸೊನ್ನೆಯಿಂದ ಶುರುವಾಯಿತು.

ಪ್ರೋಗ್ರಾಂ ಬರೆಯುವವ | ಮಧ್ಯಾಹ್ನ 2:31

ಒಂದು ತಂತ್ರಾಂಶದ ದತ್ತಾಂಶವನ್ನು ಇನ್ನೊಂದು ಓದಲು ಸಮಾನ ಮಾನದಂಡ ಬೇಕೆಂದೇ ಎಚ್‌ಎಲ್7 ಸಂಸ್ಥೆ ಹುಟ್ಟಿದ್ದು, 2014ರಲ್ಲಿ. ಫೈರ್ ಎಂಬ ಅದರ ಮಾನದಂಡ ಇರುವ ತಂತ್ರಾಂಶವನ್ನೇ ಕೊಳ್ಳಿ.

ಅಂಕಿಅಂಶದವಳು | ಮಧ್ಯಾಹ್ನ 2:40

ತಿದ್ದುಪಡಿ: ಎಚ್‌ಎಲ್7 ಹುಟ್ಟಿದ್ದು 1987ರಲ್ಲಿ. 2014ರಲ್ಲಿ ಬಂದದ್ದು ಫೈರ್‌ನ ಮೊದಲ ಪ್ರಾಯೋಗಿಕ ಆವೃತ್ತಿ. ಇನ್ನೊಂದು ಮಾತು, ಮಾನದಂಡ ಲಕೋಟೆಯ ಆಕಾರ ಹೇಳುತ್ತದೆ. ಒಳಗಿನ ಪತ್ರದಲ್ಲಿ ಒಬ್ಬರು ‘ಬಿಪಿ’ ಎಂದೂ ಇನ್ನೊಬ್ಬರು ‘ರಕ್ತದೊತ್ತಡ (ಬಲಗೈ)’ ಎಂದೂ ಬರೆದರೆ ಯಂತ್ರಕ್ಕೆ ಎರಡೂ ಒಂದೇ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಪ್ರತಿ ಪರೀಕ್ಷೆಗೂ ಕಾಯಿಲೆಗೂ ಒಂದೊಂದು ಸಂಕೇತ ಕೊಡುವ ಲೋಯಿಂಕ್, ಸ್ನೋಮೆಡ್ ಸಿಟಿಯಂಥ ಸಂಕೇತಪಟ್ಟಿಗಳೂ ಬೇಕು. ಮೇಡಂ, ಮುಂದಿನ ಸಲ ಕೊಳ್ಳುವ ಮೊದಲೇ ಹತ್ತು ನಕಲಿ ರೋಗಿಗಳ ವಿವರ ತುಂಬಿಸಿ, ಅದನ್ನು ಹೊರತೆಗೆದು ಬೇರೊಂದರಲ್ಲಿ ತೆರೆದು ತೋರಿಸಲು ಹೇಳಿ. ಮಾರುವವರ ಮುಖ ಆಗ ನೋಡಬೇಕು.

ಒಂಟಿ ಕ್ಲಿನಿಕ್ | ಮಧ್ಯಾಹ್ನ 2:44

ಈ ಒಂದು ಸಲಹೆ ಮೂರು ವರ್ಷದ ಹಿಂದೆ ಸಿಗಬೇಕಿತ್ತು.

ಎರಡನೇ ವರ್ಷದ ಪಿಜಿ | ಸಂಜೆ 6:30

ಒಂದು ತಪ್ಪೊಪ್ಪಿಗೆ ಇದೆ. ನಾವು ದಿನಾ ಬರೆಯುವ ಟಿಪ್ಪಣಿಯಲ್ಲಿ ಬಹುಪಾಲು ನಿನ್ನೆಯದರ ನಕಲು. ಒಬ್ಬ ರೋಗಿಯ ಹೊಟ್ಟೆಯ ಡ್ರೇನ್ ನಳಿಕೆಯನ್ನು ಮೂರನೇ ದಿನ ತೆಗೆದಿದ್ದೆವು. ಎಂಟನೇ ದಿನ ಡಿಸ್ಚಾರ್ಜ್ ಆಗುವವರೆಗೂ ದಾಖಲೆಯಲ್ಲಿ “ಡ್ರೇನ್: 40 ಮಿ.ಲೀ.” ಎಂದೇ ಇತ್ತು, ಅದರಲ್ಲಿ ಎರಡು ದಿನ ನನ್ನ ಸಹಿಯಲ್ಲಿ. ತೆಗೆದ ನಳಿಕೆಯಿಂದ ಐದು ದಿನ ದ್ರವ ಸುರಿದಿದೆ! ಯಾರೂ ಗಮನಿಸಲಿಲ್ಲ, ಏಕೆಂದರೆ ಯಾರೂ ಓದುತ್ತಿರಲಿಲ್ಲ. ಓದುತ್ತಿರಲಿಲ್ಲ, ಏಕೆಂದರೆ ನಾಲ್ಕು ಪುಟಗಳಲ್ಲಿ ಹೊಸದು ಎರಡೇ ಸಾಲು.

ಅಂಕಿಅಂಶದವಳು | ಸಂಜೆ 6:52

2017ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯ ಟಿಪ್ಪಣಿಗಳನ್ನು ಅಕ್ಷರ ಅಕ್ಷರ ಪರೀಕ್ಷಿಸಿದಾಗ ಕೈಯಾರೆ ಟೈಪು ಮಾಡಿದ್ದು ಶೇಕಡ 18, ನಕಲು ಮಾಡಿದ್ದು ಶೇಕಡ 46, ತಾನಾಗಿ ಬಂದು ಸೇರಿದ್ದು ಶೇಕಡ 36 ಎಂದು ಗೊತ್ತಾಯಿತು. ನೀವು ಒಂಟಿಯಲ್ಲ.

ಶಸ್ತ್ರಚಿಕಿತ್ಸಕ | ಸಂಜೆ 7:10

ನಕಲನ್ನು ನಿಷೇಧಿಸಿಬಿಟ್ಟರೆ ಮುಗಿಯಿತಲ್ಲ.

ಹಳೇ ಸ್ಟೆತಸ್ಕೋಪ್ | ಸಂಜೆ 7:48

ನಿಷೇಧಿಸಿದರೆ ಟಿಪ್ಪಣಿಯೇ ಇರುವುದಿಲ್ಲ ಸರ್. ಹನ್ನೆರಡು ಕಾಯಿಲೆಗಳ ಇತಿಹಾಸವನ್ನು ಪ್ರತಿದಿನ ಹೊಸದಾಗಿ ಬರೆಯುವುದು ಹೇಗೆ? ನನ್ನ ಗುರುಗಳು ನಮಗೆ ಕಲಿಸಿದ ಕ್ರಮ ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರದು. 1968ರಲ್ಲಿ ಅವರು ಹೇಳಿದ್ದರ ಸಾರ, ದಾಖಲೆ ಎಂದರೆ ರೋಗಿಯ ಸಮಸ್ಯೆಗಳ ಪಟ್ಟಿ, ಪ್ರತಿ ಸಮಸ್ಯೆಯ ಬಗ್ಗೆ ವೈದ್ಯರು ಏನು ಯೋಚಿಸಿದರು ಎಂಬುದರ ಹೆಜ್ಜೆಗುರುತು. ರೋಗಿ ಹೇಳಿದ್ದು, ನಾವು ಕಂಡದ್ದು, ನಮ್ಮ ಅಂದಾಜು, ಮುಂದಿನ ಯೋಜನೆ ಎಂಬ ನಾಲ್ಕು ಭಾಗಗಳು ಅಲ್ಲಿಂದಲೇ ಬಂದವು. ಈಗಿನ ಪರದೆಯಲ್ಲಿ ಮೊದಲೆರಡು ಭಾಗಗಳು ಊದಿಕೊಂಡು, ಯೋಚನೆ ಇರಬೇಕಾದ ಮೂರನೆಯದು ಕೊನೆಯ ಪುಟದ ಅಡಿಯಲ್ಲಿ “ಮೇಲಿನಂತೆಯೇ” ಎಂಬ ಒಂದು ಪದವಾಗಿ ಕೂತಿದೆ. ಸಮಸ್ಯೆಗಳ ಪಟ್ಟಿಯನ್ನಂತೂ ಯಾರೂ ತಮ್ಮದೆಂದು ನೋಡಿಕೊಳ್ಳುವುದಿಲ್ಲ. ನನ್ನ ರೋಗಿಯೊಬ್ಬರಿಗೆ ಅದರಲ್ಲಿ ಇನ್ನೂ ‘ಗರ್ಭಿಣಿ’ ಎಂದಿದೆ, ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಮಾತ್ರೆ ಲೆಕ್ಕ | ಸಂಜೆ 8:02

ಕೆಲವು ಕಡೆ ಆ ಕ್ರಮವನ್ನು ತಿರುಗಿಸಿ, ಅಂದಾಜು ಮತ್ತು ಯೋಜನೆಯನ್ನು ಮೇಲಕ್ಕೆ ತಂದಿದ್ದಾರೆ. ತೆರೆದ ಕೂಡಲೇ ಇಂದು ಏನು ಬದಲಾಯಿತು ಎಂಬುದು ಕಾಣುತ್ತದೆ, ಉಳಿದದ್ದು ಬೇಕಿದ್ದವರಿಗೆ ಕೆಳಗಿದೆ. ಇದಕ್ಕೆ ಹೊಸ ತಂತ್ರಾಂಶ ಬೇಡ, ಟಿಪ್ಪಣಿಯ ಸಿದ್ಧ ನಮೂನೆ (ಟೆಂಪ್ಲೇಟ್) ಬದಲಾಯಿಸಿದರೆ ಸಾಕು.

ಮನೋವೈದ್ಯೆ | ಸಂಜೆ 8:45

ಇಲ್ಲಿಯವರೆಗೆ ಎಲ್ಲರೂ ವೇಗದ ಬಗ್ಗೆ ಮಾತನಾಡಿದ್ದೀರಿ. ನನ್ನ ಅಡ್ಡಿ ಬೇರೆ. ನನ್ನ ಎದುರು ಕೂತವರು, “ಇದನ್ನು ಬರೆಯಬೇಡಿ” ಎಂದು ಹೇಳಿದ ಮೇಲೆಯೇ ಮುಖ್ಯವಾದದ್ದನ್ನು ಹೇಳುತ್ತಾರೆ. ಕಾಗದದ ಕಾಲದಲ್ಲಿ ಆ ಹಾಳೆ ನನ್ನ ಕಪಾಟಿನಲ್ಲಿ ಇರುತ್ತಿತ್ತು. ಈಗ ಹಲ್ಲಿನ ನೋವಿಗೆ ಹೋದರೂ ಅಲ್ಲಿನ ಪರದೆಯಲ್ಲಿ ನನ್ನ ಟಿಪ್ಪಣಿ ಕಾಣಬಹುದು. ಯಾರು ಯಾವಾಗ ತೆರೆದರು ಎಂಬ ಗುರುತು ಉಳಿಯುತ್ತದೆ ಎಂದು ಐಟಿಯವರು ಸಮಾಧಾನ ಹೇಳುತ್ತಾರೆ. ಆ ಗುರುತನ್ನು ಯಾರಾದರೂ ವಾಡಿಕೆಯಾಗಿ ಪರಿಶೀಲಿಸುತ್ತಾರೆಯೇ ಎಂದು ಕೇಳಿದರೆ ಮೌನ. ನಮ್ಮಲ್ಲಿ ಕೊನೆಗೆ ಒಪ್ಪಿದ್ದು ಹೀಗೆ: ನನ್ನ ವಿಭಾಗದ ಟಿಪ್ಪಣಿ ಬೀಗದಲ್ಲಿರುತ್ತದೆ, ತುರ್ತಿನಲ್ಲಿ ಯಾರು ಬೇಕಾದರೂ ಕಾರಣ ಬರೆದು ತೆರೆಯಬಹುದು, ತೆರೆದ ಕೂಡಲೇ ನನಗೆ ಸಂದೇಶ ಬರುತ್ತದೆ. ಔಷಧಗಳ ಪಟ್ಟಿ ಮಾತ್ರ ಎಲ್ಲರಿಗೂ ತೆರೆದಿರುತ್ತದೆ, ಏಕೆಂದರೆ ಮನೋರೋಗಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ, ಅದು ಗೊತ್ತಿಲ್ಲದ ವೈದ್ಯರು ಕೆಲವು ಬಗೆಯ ನೋವಿನ ಮಾತ್ರೆ ಬರೆದರೆ ಆಗುವ ಅನಾಹುತ ನನ್ನ ಗುಟ್ಟಿಗಿಂತ ದೊಡ್ಡದು. ಇದಾದ ಮೇಲೆಯೇ ನಾನು ಪೂರ್ತಿ ಬರೆಯಲು ಶುರುಮಾಡಿದ್ದು.

ಬರೀ ರೋಗಿ | ಸಂಜೆ 9:00

ನಾನು ವೈದ್ಯನಲ್ಲ, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇರುವವನು. ನನ್ನ ಹಿಂದಿನ ವೈದ್ಯರು ಗೋಡೆಯತ್ತ ಮುಖಮಾಡಿ ಟೈಪು ಮಾಡುತ್ತಿದ್ದರು, ಅವರ ಬೆನ್ನಿಗೆ ನಾನು ನನ್ನ ಕಷ್ಟ ಹೇಳುತ್ತಿದ್ದೆ. ಈಗಿನವರು ಪರದೆಯನ್ನು ಇಬ್ಬರ ನಡುವೆ ತಿರುಗಿಸಿ ಇಟ್ಟಿದ್ದಾರೆ. “ನೋಡಿ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ) ಇಲ್ಲಿ 9 ಇತ್ತು, ಇಲ್ಲಿ 7.4ಕ್ಕೆ ಬಂತು, ಈ ತಿಂಗಳಲ್ಲಿ ಏನಾಯಿತು?” ಎಂದು ಬೆರಳಿಟ್ಟು ಕೇಳಿದರು. ಒಮ್ಮೆ ನಾನೇ ತಪ್ಪು ಹಿಡಿದೆ: ಎರಡು ವರ್ಷದ ಹಿಂದೆ ನಿಲ್ಲಿಸಿದ್ದ ಮಾತ್ರೆ ಪಟ್ಟಿಯಲ್ಲಿ ಹಾಗೇ ಇತ್ತು. ಕಂಪ್ಯೂಟರ್ ಅದೇ, ಮೇಜು ತಿರುಗಿತು, ಅಷ್ಟೇ.

ಹಳೇ ಸ್ಟೆತಸ್ಕೋಪ್ | ಸಂಜೆ 9:04

ನನ್ನ ಪರದೆಯೂ ಗೋಡೆಗೆ ಅಂಟಿಕೊಂಡಿದೆ. ಪ್ಲಗ್ ಪಾಯಿಂಟ್ ಅಲ್ಲಿದೆ ಎಂಬ ಒಂದೇ ಕಾರಣಕ್ಕೆ.

ಸುಮ್ಮನೆ ಓದುವವ | ಸಂಜೆ 9:15

ಮಾತು ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ, ಇಷ್ಟೆಲ್ಲ ಚರ್ಚೆ ಏಕೆ?

ಮನೋವೈದ್ಯೆ | ಸಂಜೆ 9:31

ಬಳಸಿ ನೋಡಿದ್ದೇನೆ. ರೋಗಿಯ ಮುಖ ನೋಡಿ ಮಾತನಾಡಲು ಸಾಧ್ಯವಾಯಿತು ಎಂಬುದು ನಿಜವಾದ ಲಾಭ. ಆದರೆ ಒಬ್ಬರು, “ಸಾಯಬೇಕು ಅಂತ ಈಗ ಅನ್ನಿಸುವುದಿಲ್ಲ, ಆಗ ಅನ್ನಿಸುತ್ತಿತ್ತು” ಎಂದದ್ದರಲ್ಲಿ ಕಾಲ ಬದಲಾಗಿ, ಈಗಲೂ ಹಾಗನ್ನಿಸುತ್ತದೆ ಎಂಬಂತೆ ಟಿಪ್ಪಣಿ ಬಂತು. ನಾನು ಓದಿ ತಿದ್ದಿದೆ. ದಿನದ ಕೊನೆಯಲ್ಲಿ ದಣಿದು, ಓದದೆ ಸಹಿ ಹಾಕಿದ್ದರೆ? ಬರೆಯುವ ಶ್ರಮ ಹೋಗಿ ಪರಿಶೀಲಿಸುವ ಶ್ರಮ ಬಂದಿದೆ, ಅದಕ್ಕೂ ಹೊತ್ತು ಕೊಡಬೇಕು. ಆ ಉಳಿದ ಹೊತ್ತಿಗೆ ಇನ್ನೂ ನಾಲ್ಕು ರೋಗಿಗಳನ್ನು ಸೇರಿಸಿದರೆ ನಾವು ಮೊದಲಿದ್ದಲ್ಲಿಗೇ ಬಂದೆವು.

ಆಡಳಿತ ಕಚೇರಿ | ಬುಧವಾರ, ಬೆಳಿಗ್ಗೆ 10:20

ಬೈಗುಳದ ಪಾಲು ನಮಗೂ ಇದೆ ಎಂದು ಗೊತ್ತು. ಎರಡು ಆಸ್ಪತ್ರೆಗಳಲ್ಲಿ ಈ ಬದಲಾವಣೆ ಮಾಡಿಸಿದ್ದೇನೆ, ಮೊದಲನೆಯದು ಸೋತಿತು. ಅಲ್ಲಿ ಒಂದು ಸೋಮವಾರ ಬೆಳಿಗ್ಗೆ ಕಾಗದ ನಿಲ್ಲಿಸಿ, ಅದೇ ಸಂಖ್ಯೆಯ ರೋಗಿಗಳನ್ನು ಅದೇ ಹೊತ್ತಿನಲ್ಲಿ ನೋಡಿ ಎಂದೆವು. ತರಬೇತಿಯನ್ನು ಸಭಾಂಗಣದಲ್ಲಿ, ಎರಡು ತಿಂಗಳ ಮೊದಲೇ ಕೊಟ್ಟಿದ್ದೆವು. ಸೋಮವಾರ ಬರುವಷ್ಟರಲ್ಲಿ ಎಲ್ಲರೂ ಮರೆತಿದ್ದರು. ಎರಡನೆಯ ಕಡೆ ಮೊದಲ ಎರಡು ವಾರ ಅಪಾಯಿಂಟ್‌ಮೆಂಟ್‌ಗಳನ್ನು ಅರ್ಧಕ್ಕೆ ಇಳಿಸಿದೆವು. ಆದಾಯ ಇಳಿಯಿತು, ಮೇಲಿನವರಿಂದ ಮಾತೂ ಕೇಳಿದೆ. ಪ್ರತಿ ವಿಭಾಗದಲ್ಲಿ ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬ ವೈದ್ಯರ ಡ್ಯೂಟಿ ಕಡಿಮೆ ಮಾಡಿ, ಉಳಿದವರ ಪಕ್ಕದಲ್ಲಿ ಓಡಾಡಿಕೊಂಡಿರಲು ಬಿಟ್ಟೆವು. ಹೊರಗಿನ ತರಬೇತುದಾರ ಗುಂಡಿ ಎಲ್ಲಿದೆ ಎಂದು ತೋರಿಸುತ್ತಾನೆ. ಸಹೋದ್ಯೋಗಿ, “ಆ ಗುಂಡಿಯ ಗೋಜಿಗೇ ಹೋಗಬೇಡ, ಡಯಾಲಿಸಿಸ್ ರೋಗಿಗಳಿಗೆ ನಾನು ಮಾಡಿಟ್ಟ ಟೆಂಪ್ಲೇಟ್ ತೆಗೆದುಕೋ” ಎನ್ನುತ್ತಾನೆ.

ಆದರೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹವಾಯಿಯಿಂದ ಕದ್ದ ಉಪಾಯ. ಹವಾಯಿ ಪೆಸಿಫಿಕ್ ಹೆಲ್ತ್ ಎಂಬ ಆಸ್ಪತ್ರೆ ಸಮೂಹ 2017ರಲ್ಲಿ ತನ್ನ ಸಿಬ್ಬಂದಿಗೆ, ದಾಖಲೆಯಲ್ಲಿ ನಿಮಗೆ ಮೂರ್ಖತನ ಎನಿಸಿದ್ದನ್ನೆಲ್ಲ ಬರೆದು ಕಳಿಸಿ ಎಂದಿತು. ಮೊದಲ ವರ್ಷದಲ್ಲೇ 188 ದೂರುಗಳು ಬಂದವು. ಗಂಟೆಗೊಮ್ಮೆ ರೋಗಿಯನ್ನು ನೋಡಿದೆ ಎಂದು ನರ್ಸ್‌ಗಳು ಒತ್ತಬೇಕಿದ್ದ ಒಂದು ಕ್ಲಿಕ್‌ಗೆ 24 ಸೆಕೆಂಡು ಹಿಡಿಯುತ್ತಿತ್ತು. ನಾಲ್ಕು ಆಸ್ಪತ್ರೆಗಳಲ್ಲಿ ಕೂಡಿಸಿದರೆ ಅದು ತಿಂಗಳಿಗೆ ಸುಮಾರು 1,700 ಗಂಟೆ. ತೆಗೆದುಹಾಕಿದರು. ನಾವೂ ಒಂದು ಪೆಟ್ಟಿಗೆ ಇಟ್ಟೆವು, ದೂರು ಕೊಟ್ಟವರಿಗೆ ಒಂದು ವಾರದೊಳಗೆ ‘ತೆಗೆದೆವು’ ಅಥವಾ ‘ತೆಗೆಯಲಾಗದು, ಕಾರಣ ಇದು’ ಎಂದು ಉತ್ತರ ಕೊಡುವ ನಿಯಮ ಮಾಡಿದೆವು. ತೆಗೆದದ್ದು ಮೂರನೇ ಒಂದು ಭಾಗವನ್ನಷ್ಟೇ. ಆದರೂ ಜಗಳ ನಿಂತಿತು.

ರಾತ್ರಿ ಪಾಳಿ ಸಿಸ್ಟರ್ | ಬೆಳಿಗ್ಗೆ 10:45

ಆ ಪೆಟ್ಟಿಗೆ ನಮ್ಮ ವಾರ್ಡಿಗೂ ಬೇಕು. ಮತ್ತೆ, ಸರ್ವರ್ ಬಿದ್ದಾಗ ಏನು ಮಾಡುವುದು ಎಂಬುದನ್ನೂ ಯಾರಾದರೂ ಬರೆಯಿರಿ. ನಮ್ಮಲ್ಲಿ ಕಳೆದ ತಿಂಗಳು ನಾಲ್ಕು ಗಂಟೆ ನಿಂತಿತ್ತು. ಕಾಗದದ ಫಾರಂ ಇಟ್ಟಿದ್ದ ಡ್ರಾಯರಿನ ಬೀಗದ ಕೈ ರಜೆಯಲ್ಲಿದ್ದವರ ಬಳಿ ಇತ್ತು. ಬಿಪಿ, ನಾಡಿಯನ್ನೆಲ್ಲ ಗ್ಲೌಸ್ ಪೆಟ್ಟಿಗೆಯ ಮೇಲೆ ಬರೆದುಕೊಂಡೆವು.

ಅಂಕಿಅಂಶದವಳು | ಬೆಳಿಗ್ಗೆ 11:00

2017ರ ಮೇ ತಿಂಗಳಲ್ಲಿ, ಕಂಪ್ಯೂಟರುಗಳನ್ನು ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಕುತಂತ್ರಾಂಶದ ದಾಳಿಯಾದಾಗ ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳು ಸಾವಿರಾರು ಅಪಾಯಿಂಟ್‌ಮೆಂಟ್‌ಗಳನ್ನು ರದ್ದು ಮಾಡಬೇಕಾಗಿ ಬಂದಿತ್ತು. ಕಾಗದಕ್ಕೆ ಮರಳುವ ಅಭ್ಯಾಸವನ್ನು ಬೆಂಕಿ ಅನಾಹುತದ ಅಣಕು ಅಭ್ಯಾಸದಂತೆ ವರ್ಷಕ್ಕೆರಡು ಸಲ ಮಾಡಬೇಕು. ಬೀಗ ಬೇಡ.

ಹಳೇ ಸ್ಟೆತಸ್ಕೋಪ್ | ರಾತ್ರಿ 9:20

ಎಲ್ಲರಿಗೂ ಧನ್ಯವಾದ. ಇಂದು ಮಧ್ಯಾಹ್ನ ಎಕ್ಸ್‌ಟೆನ್ಶನ್ ವೈರ್ ತರಿಸಿ ಪರದೆಯನ್ನು ಮೇಜಿನ ನಡುವಿಗೆ ತಂದೆ. ಆ ಕೆಮ್ಮಿನ ಮಹಿಳೆ ಇಂದು ಮತ್ತೆ ಬಂದಿದ್ದರು. ಎಕ್ಸ್‌ರೇಯನ್ನು ಇಬ್ಬರೂ ಒಟ್ಟಿಗೆ ನೋಡಿದೆವು. ಚಿಕಿತ್ಸೆ ಶುರುವಾಗಿದೆ. ಕಳೆದ ಸಲದ ತೂಕವನ್ನು ಪರದೆಯಲ್ಲಿ ಅವರೇ ಗುರುತಿಸಿದರು. ಕಾಗದದ ಕಾಲವಾಗಿದ್ದರೆ ಆ ಚೀಟಿ ಅವರ ಮನೆಯಲ್ಲೋ ನನ್ನ ಕಡತದಲ್ಲೋ ಎಂದು ಹುಡುಕುತ್ತಿದ್ದೆವು ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು.

ಪ್ರೋಗ್ರಾಂ ಬರೆಯುವವ | ರಾತ್ರಿ 9:34

ಡಾಕ್ಟರೇ, ಆ ‘ಕೆಮ್ಮಿನ ಅವಧಿ’ ಪುಟದ ಚಿತ್ರವನ್ನು, ರೋಗಿಯ ಹೆಸರು ಕಾಣದಂತೆ ಮಾಡಿ, ನನಗೆ ಕಳಿಸುತ್ತೀರಾ? ನಿಮ್ಮದು ನಮ್ಮ ತಂತ್ರಾಂಶವೋ ಅಲ್ಲವೋ ತಿಳಿಯದು, ಆದರೆ ನಮ್ಮಲ್ಲೂ ಅಂಥದ್ದೇ ಒಂದಿದೆ ಎಂದು ಇಂದು ತೆರೆದು ನೋಡಿದೆ. ಯಾರು ಕೇಳಿದ್ದರು ಎಂದು ಹಳೆಯ ಕಡತ ಹುಡುಕಿದರೆ, ಕೇಳಿದವರ ಹೆಸರಿನ ಜಾಗ ಖಾಲಿ ಇದೆ. ಸಭೆಯನ್ನು ಸಂಜೆ ಐದಕ್ಕೆ ಇಟ್ಟರೆ ಬರುತ್ತೀರಾ?

ಹಳೇ ಸ್ಟೆತಸ್ಕೋಪ್ | ರಾತ್ರಿ 9:36

ಐದೂವರೆಗೆ ಇಡಿ. ಸಿಸ್ಟರನ್ನೂ ಕರೆಯಿರಿ.